ಎಲೆಕ್ಟ್ರಾನಿಕ್ ರಾಕ್ ಅಂದರೇನು? ಇಬ್ಬರೇ ಇದ್ದ ಒಂದು ಬ್ಯಾಂಡಿನ ಕಥೆ

ಕಲಬುರಗಿಯ ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವರನ್ನು ಸ್ವಲ್ಪ ಹತ್ತಿರ ನಿಂತು ನೋಡಿ. ಒಂದು ಬಟನ್ ಒತ್ತಿದರೆ ತಾಳ ತಾನಾಗಿ ಶುರುವಾಗುತ್ತದೆ. ಹಾಡುವವರು ‘ಅಣ್ಣಾ, ಒಂದ್ ಸ್ಕೇಲ್ ಇಳಸ್ರಿ’ ಅಂದರೆ ಇನ್ನೊಂದು ಬಟನ್, ಅಷ್ಟೇ. ವಾದ್ಯ ಕರೆಂಟಿನದು, ಕೆಲಸ ಅಚ್ಚುಕಟ್ಟು. ಆದರೆ ಇದು ಎಲೆಕ್ಟ್ರಾನಿಕ್ ರಾಕ್ ಅಲ್ಲ. ಗಣೇಶನ ಮೆರವಣಿಗೆಯ ಡಿ.ಜೆ.ಯೂ ಅಲ್ಲ. ಬರೀ ಎಲೆಕ್ಟ್ರಿಕ್ ಗಿಟಾರ್ ಇದ್ದರೂ ಸಾಲದು, ಯಾಕಂದ್ರೆ ಅಲ್ಲಿ ದನಿ ಹುಟ್ಟುವುದು ತಂತಿಯಿಂದ. ಕರೆಂಟು ಅದನ್ನು ಹಿಡಿದು ದೊಡ್ಡದು ಮಾಡುತ್ತದೆ.

ಎಲೆಕ್ಟ್ರಾನಿಕ್ ರಾಕ್‌ನಲ್ಲಿ ದನಿಯೇ ಸರ್ಕೀಟಿನೊಳಗೆ ಹುಟ್ಟುತ್ತದೆ. ಅದರ ಜೊತೆಗೆ ರಾಕ್ ಬ್ಯಾಂಡಿನ ಗುಣಗಳೂ ಇರಬೇಕು: ಬಡಿಯುವ ಡ್ರಮ್ಮು, ಹಾಡುವ ಗಂಟಲು, ಜನರೆದುರು ಅಲ್ಲೇ ನುಡಿಸುವ ಧೈರ್ಯ. ನನ್ನ ಪ್ರಕಾರ ಇದರ ಜೀವ ಇರುವುದು ಕೊನೆಯದರಲ್ಲಿ. ಯಂತ್ರ ಒಂದು ಕಡೆ ಎಳೆಯುತ್ತದೆ, ನುಡಿಸುವವನು ಇನ್ನೊಂದು ಕಡೆ. ಆ ಎಳೆದಾಟ ಕಿವಿಗೆ ಬೀಳಬೇಕು.

ಇದಕ್ಕೆಲ್ಲ ಮೂಲ ಆಸಿಲೇಟರ್, ಅಂದರೆ ಕರೆಂಟನ್ನು ಒಂದೇ ಸಮ ಕಂಪಿಸುವಂತೆ ಮಾಡುವ ಸರ್ಕೀಟು. ಬಿ.ಎಸ್ಸಿ. ಫಿಸಿಕ್ಸ್ ಓದಿದವರು ಲ್ಯಾಬಿನಲ್ಲಿ ಇದನ್ನು ಮುಟ್ಟಿಯೇ ಇರುತ್ತಾರೆ. ತಗಡಿನ ಡಬ್ಬಿ, ಮುಂದೆ ದೊಡ್ಡದೊಂದು ತಿರುಗುಗುಂಡಿ, ಸುತ್ತ ಅಂಕಿಗಳು. ಸ್ಪೀಕರ್ ಜೋಡಿಸಿ 240 ಹರ್ಟ್ಸ್‌ಗೆ ಇಟ್ಟರೆ ಗುಂಯ್ ಅಂತ ಒಂದು ದನಿ. ಅದನ್ನೇ ಸಾ ಅಂತ ಇಟ್ಟುಕೊಂಡರೆ 360ಕ್ಕೆ ಪ, 480ಕ್ಕೆ ಮೇಲಿನ ಸಾ. ಹಾರ್ಮೋನಿಯಂ ಹಾಗೆ ಸ್ವರದಿಂದ ಸ್ವರಕ್ಕೆ ಜಿಗಿಯೋದಿಲ್ಲ ಇದು, ಗುಂಡಿ ತಿರುಗಿಸಿದಂತೆಲ್ಲ ನಡುವಿನ ಎಲ್ಲ ದನಿಗಳ ಮೇಲೂ ಜಾರಿಕೊಂಡು ಹೋಗುತ್ತದೆ. ಮೊದಲನೆಯದನ್ನು 240ಕ್ಕೇ ಬಿಟ್ಟು, ಇನ್ನೊಂದು ಆಸಿಲೇಟರ್ ತಂದು 243ಕ್ಕೆ ಇಟ್ಟರಂತೂ ತಮಾಷೆ. ಎರಡೂ ದನಿ ಕೂಡಿ ಸೆಕೆಂಡಿಗೆ 3 ಸಲ ಏರಿಳಿಯುತ್ತವೆ. ಪಿ.ಯು. ಪುಸ್ತಕದಲ್ಲಿ ‘ಬೀಟ್ಸ್’ ಅಂತ ಸೂತ್ರ ಉರು ಹೊಡೆದದ್ದು ಇದನ್ನೇ. ಯಾರೂ ಡ್ರಮ್ ಮುಟ್ಟದೆ ಲಯ ಹುಟ್ಟಿತು, ಅಲ್ವಾ?

ಇಂಥ ಡಬ್ಬಿಗಳನ್ನೇ ನಂಬಿ ಬ್ಯಾಂಡ್ ಕಟ್ಟಿದವರು ನ್ಯೂಯಾರ್ಕಿನ ಸಿಲ್ವರ್ ಆಪಲ್ಸ್. ಮೊದಲು ಅದು ಓವರ್‌ಲ್ಯಾಂಡ್ ಸ್ಟೇಜ್ ಎಲೆಕ್ಟ್ರಿಕ್ ಬ್ಯಾಂಡ್ ಎಂಬ ಸಾಮಾನ್ಯ ರಾಕ್ ತಂಡ. ಹಾಡುಗಾರ ಸಿಮಿಯನ್ ಕಾಕ್ಸ್ 1940ರ ದಶಕದ ಹಳೆಯ ಆಸಿಲೇಟರ್ ಒಂದನ್ನು ವೇದಿಕೆಗೆ ತಂದರು. ಉಳಿದವರಿಗೆ ಅದು ಹಿಡಿಸಲಿಲ್ಲ. ಒಬ್ಬೊಬ್ಬರಾಗಿ ಬಿಟ್ಟು ಹೋದರು. ಕೊನೆಗೆ ಉಳಿದವರು ಸಿಮಿಯನ್ ಮತ್ತು ಡ್ರಮ್ಮರ್ ಡ್ಯಾನಿ ಟೇಲರ್, ಇಬ್ಬರೇ. 1967ರಲ್ಲಿ ಹೆಸರು ಬದಲಾಯಿತು. ಹೊಸ ಹೆಸರು ಸಿಕ್ಕಿದ್ದು ಕವಿ ಯೇಟ್ಸ್‌ನ ಒಂದು ಪದ್ಯದಲ್ಲಿ.

ಆಗ ಮೂಗ್ ಕಂಪನಿಯ ಸಿಂಥಸೈಸರ್, ಅಂದರೆ ಸರ್ಕೀಟಿನಿಂದಲೇ ದನಿ ಹುಟ್ಟಿಸುವ ವಾದ್ಯ, ಬಂದಿತ್ತು, ಆದರೆ ಬೆಲೆ ಸಾವಿರಾರು ಡಾಲರ್. ಸಿಮಿಯನ್ ಹಳೆಯ ಆಸಿಲೇಟರ್‌ಗಳನ್ನು ಒಂದರ ಮೇಲೊಂದು ಪೇರಿಸಿದರು. ಒಟ್ಟು 9 ಆಸಿಲೇಟರ್, 86 ನಿಯಂತ್ರಣಗಳು. ಬಿಳಿ-ಕಪ್ಪು ಕೀಗಳೇ ಇಲ್ಲ. ದನಿ ಹಚ್ಚಿ ಆರಿಸಲು ತಂತಿ ಕಚೇರಿಯ ಟೆಲಿಗ್ರಾಫ್ ಕೀ. ಮುಖ್ಯ ರಾಗಕ್ಕೆ ಕೈ, ಮೊಣಕೈ, ಮೊಣಕಾಲು. ಕೆಳಗಿನ ಬೇಸ್ ದನಿಗೆ ಪಾದ. ಬಾಯಲ್ಲಿ ಹಾಡು. ಆ ವಾದ್ಯಕ್ಕೆ ‘ಸಿಮಿಯನ್’ ಅಂತಲೇ ಹೆಸರು ಬಿತ್ತು.

ಕೇಳಲು ಹೇಗಿದೆ? ನಮ್ಮ ಕಲಬುರಗಿ-ಯಾದಗಿರಿ ಕಡೆ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವ ಭಜನೆಯವರಿಗೆ ಥಟ್ಟನೆ ಅರ್ಥವಾದೀತು. ಏಕತಾರಿ ಒಂದೇ ಸುರ ಹಿಡಿದು ಕೂತಿರುತ್ತದೆ, ತಾಳ, ದಮ್ಮಡಿ ಅದರ ಮೇಲೆ ಓಡುತ್ತವೆ. ಇಲ್ಲೂ ಬೇಸ್ ಆಸಿಲೇಟರ್‌ಗಳು ಎರಡು-ಮೂರು ದನಿಯಲ್ಲೇ ಮಿಡಿಯುತ್ತಿರುತ್ತವೆ, ಡ್ಯಾನಿಯ ಡ್ರಮ್ಮು ಸುತ್ತಿ ಸುತ್ತಿ ಬರುತ್ತದೆ. ರಾಕ್‌ನಲ್ಲಿ ಸಾಮಾನ್ಯವಾಗಿರುವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾವಣೆ ಬಹಳ ಕಡಿಮೆ. ಹಾಡಿಕೆ ಸ್ವಲ್ಪ ಸುರ ತಪ್ಪಿದಂತೆಯೇ ಇದೆ, ಸುಳ್ಳು ಯಾಕೆ.

1968ರ ಮೊದಲ ಆಲ್ಬಂ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 193ನೇ ಜಾಗ ಮುಟ್ಟಿತು. ದೊಡ್ಡ ಗೆಲುವೇನಲ್ಲ, ಆದರೆ ಇಂಥ ವಿಚಿತ್ರ ಸದ್ದಿಗೆ ಅದೇ ಜಾಸ್ತಿ. 1969ರಲ್ಲಿ ಎರಡನೆಯದು ಬಂತು. ಅದರ ಮುಖಪುಟದಲ್ಲಿ ಇಬ್ಬರೂ ಪ್ಯಾನ್ ಆಮ್ ವಿಮಾನದ ಕಾಕ್‌ಪಿಟ್‌ನಲ್ಲಿ ಕೂತಿದ್ದಾರೆ. ಹಿಂಬದಿಯಲ್ಲಿ ಅಪಘಾತವಾದ ವಿಮಾನದ ಅವಶೇಷಗಳ ನಡುವೆ ಅವರೇ. ವಿಮಾನ ಕಂಪನಿಗೆ ಇದು ತಮಾಷೆ ಅನ್ನಿಸೀತೇ? ಪ್ಯಾನ್ ಆಮ್ ಕೋರ್ಟಿಗೆ ಹೋಯಿತು. ಇತ್ತ ಅವರ ರೆಕಾರ್ಡ್ ಕಂಪನಿ ಕ್ಯಾಪ್ ಕೂಡ ಮುಚ್ಚುವ ಹಾದಿಯಲ್ಲಿತ್ತು. ಮೂರನೇ ಆಲ್ಬಂ ಧ್ವನಿಮುದ್ರಣವಾಗಿಯೂ ಹೊರಬರಲಿಲ್ಲ. 1970ರ ಹೊತ್ತಿಗೆ ಬ್ಯಾಂಡ್ ಮುಗಿದಿತ್ತು.

ಕಥೆ ಹೇಳುವವರು ಸಾಮಾನ್ಯವಾಗಿ ತಪ್ಪನ್ನೆಲ್ಲ ಕೋರ್ಟ್ ಕೇಸಿನ ಮೇಲೆ ಹಾಕುತ್ತಾರೆ. ನನಗೆ ಅದು ಅರ್ಧ ಕಾರಣ ಅನ್ನಿಸುತ್ತದೆ. ಆ ವಾದ್ಯ ಜಗತ್ತಿನಲ್ಲಿ ಒಂದೇ ಇತ್ತು, ನುಡಿಸಲು ಬರುತ್ತಿದ್ದುದೂ ಒಬ್ಬರಿಗೇ. ಗಿಟಾರ್ ಬ್ಯಾಂಡ್ ಒಡೆದರೆ ಅದನ್ನು ಕೇಳಿ ಬೆಳೆದ ಹುಡುಗರು ಅಂಗಡಿಯಿಂದ ಗಿಟಾರ್ ತಂದು ಮುಂದುವರಿಸುತ್ತಾರೆ. ಸಿಮಿಯನ್ ವಾದ್ಯ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅದೇ 1970ರಲ್ಲಿ ಜರ್ಮನಿಯ ಡಸೆಲ್‌ಡಾರ್ಫ್‌ನಲ್ಲಿ, ಮುಂದೆ ಎಲೆಕ್ಟ್ರಾನಿಕ್ ಸಂಗೀತಕ್ಕೆ ಹೆಸರಾದ ಕ್ರಾಫ್ಟ್‌ವರ್ಕ್ ತಂಡ ಶುರುವಾಯಿತು. ಆ ದಶಕದಲ್ಲಿ ಸಿಂಥಸೈಸರ್ ಚಿಕ್ಕದಾಗುತ್ತಾ, ಅಗ್ಗವಾಗುತ್ತಾ ಬಂತು. 1983ರಲ್ಲಿ ಯಮಹಾ ಡಿ.ಎಕ್ಸ್. 7 ಎಂಬ ಸಿಂಥಸೈಸರ್ ಬಂತು, ಬೇರೆ ಬೇರೆ ಕಂಪನಿಗಳ ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ಮಿಡಿ ಪದ್ಧತಿಯೂ ಬಂತು. ಎಲೆಕ್ಟ್ರಾನಿಕ್ ದನಿ ಯಾರ ಕೈಗಾದರೂ ಸಿಗುವಂತಾಯಿತು. ಅದರ ಜೊತೆಗೇ ಕೈಯ ಕೆಲಸವೂ ಕಡಿಮೆಯಾಯಿತು ಅನ್ನಿ.

1990ರ ದಶಕದಲ್ಲಿ ಹಳೆಯ ಆಲ್ಬಂಗಳು ಸಿ.ಡಿ. ರೂಪದಲ್ಲಿ ಮತ್ತೆ ಓಡಾಡತೊಡಗಿದವು. 1996ರಲ್ಲಿ ಸಿಮಿಯನ್ ಬ್ಯಾಂಡನ್ನು ಎಬ್ಬಿಸಿದರು. ಆಮೇಲೆ ಡ್ಯಾನಿಯೂ ಸಿಕ್ಕರು. ಮೂಲೆಗೆ ಬಿದ್ದಿದ್ದ ಮೂರನೇ ಆಲ್ಬಂ 1998ರಲ್ಲಿ ಬಿಡುಗಡೆಯಾಯಿತು. ಅದೇ ವರ್ಷ ವ್ಯಾನ್ ಅಪಘಾತದಲ್ಲಿ ಸಿಮಿಯನ್ ಅವರ ಕತ್ತಿನ ಮೂಳೆ ಮುರಿಯಿತು. 2005ರಲ್ಲಿ ಡ್ಯಾನಿ ತೀರಿಕೊಂಡರು. ಆಮೇಲೆ ಸಿಮಿಯನ್ ಒಬ್ಬರೇ ವೇದಿಕೆ ಏರುತ್ತಿದ್ದರು, ಡ್ಯಾನಿಯ ಡ್ರಮ್ಮನ್ನು ರೆಕಾರ್ಡಿಂಗಿನಿಂದ ನುಡಿಸಿಕೊಂಡು. 2020ರಲ್ಲಿ ಅವರೂ ಹೋದರು, 82ನೇ ವಯಸ್ಸಿನಲ್ಲಿ.

ಡ್ರಮ್ಮರ್ ಇಲ್ಲದ ಆ ಕೊನೆಯ ವರ್ಷಗಳ ಕಾರ್ಯಕ್ರಮಗಳು ಎಲೆಕ್ಟ್ರಾನಿಕ್ ರಾಕ್ ಹೌದೋ ಅಲ್ಲವೋ? ಕಟ್ಟುನಿಟ್ಟಾಗಿ ನೋಡಿದರೆ ಮೇಲಿನ ಲೆಕ್ಕಕ್ಕೆ ಕೂರುವುದಿಲ್ಲ. ನಾನಂತೂ ಹೌದು ಅಂತಲೇ ಹಿಡಿಯುತ್ತೇನೆ. ಡ್ರಮ್ಮು ರೆಕಾರ್ಡಿನದಾದರೂ ಆಸಿಲೇಟರ್‌ನ ಗುಂಡಿ ಆಗಲೂ ಅವರ ಕೈಯಲ್ಲೇ ಇತ್ತು, ದನಿ ಆಗಲೂ ಜಾರುತ್ತಿತ್ತು.