ನಗರದ ಆಕಾಶದಲ್ಲೂ ನೀಹಾರಿಕೆ ಇದೆ

ನಗರದ ತಾರಸಿಯ ಮೇಲೆ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಡಂಬೆಲ್ ನೀಹಾರಿಕೆ ಎಂಬ ಹೊಳೆಯುವ ಅನಿಲಮೋಡದ ಒಂದು ನಿಮಿಷದ ಚಿತ್ರ ತೆಗೆದರೆ, ಮೊದಲು ಸಿಗುವುದು ನಿರಾಸೆಯೇ. ಚೌಕಟ್ಟಿನ ತುಂಬ ಕೆಸರು ಬಣ್ಣದ ಮಬ್ಬು. ನಡುವೆ, ಒದ್ದೆ ಬೆರಳಿನಿಂದ ಒರೆಸಿದಂಥ ಒಂದು ಕಲೆ, ಇದೆಯೋ ಇಲ್ಲವೋ ಎಂಬಂತೆ. ಬೀದಿದೀಪಗಳು ಅದನ್ನು ನುಂಗಿಬಿಟ್ಟವು ಎಂದುಕೊಂಡು ಎಷ್ಟೋ ಜನ ಕ್ಯಾಮೆರಾ ಎತ್ತಿಡುತ್ತಾರೆ. ಆದರೆ ನೀಹಾರಿಕೆಯ ಫೋಟಾನುಗಳು, ಅಂದರೆ ಬೆಳಕಿನ ಕಣಗಳು, ಕಾಡಿನ ಕತ್ತಲಿಗೆ ಎಷ್ಟು ಬರುತ್ತವೆಯೋ ನಗರಕ್ಕೂ ಹೆಚ್ಚುಕಡಿಮೆ ಅಷ್ಟೇ ಬರುತ್ತವೆ. ಅವುಗಳ ಜೊತೆಗೆ ನಮ್ಮ ದೀಪಗಳ ಬೆಳಕೂ ಬಂದು ಸೇರಿದೆ, ಅಷ್ಟೆ.

ಸೇರಿದ್ದನ್ನು ಕಳೆಯಬಹುದಲ್ಲ? ಸರಾಸರಿಯನ್ನು ಕಳೆಯಬಹುದು, ಏರಿಳಿತವನ್ನು ಕಳೆಯಲಾಗದು. ಫೋಟಾನುಗಳು ಮಳೆಹನಿಗಳ ಹಾಗೆ, ಎಲ್ಲ ಕಡೆಯೂ ಒಂದೇ ಲೆಕ್ಕದಲ್ಲಿ ಬೀಳುವುದಿಲ್ಲ. ನಗರದ ಹೊಳಪಿನಿಂದ ಪ್ರತಿ ಪಿಕ್ಸೆಲ್ಲಿಗೆ ಸರಾಸರಿ 10,000 ಫೋಟಾನು ಬಿದ್ದರೆ, ಒಂದೊಂದರಲ್ಲೂ ಸುಮಾರು 100ರಷ್ಟು ಹೆಚ್ಚುಕಡಿಮೆ ಇರುತ್ತದೆ. ಅದು 10,000ದ ವರ್ಗಮೂಲ. ನೀಹಾರಿಕೆ ಕೊಟ್ಟದ್ದೂ 100 ಎಂದಿಟ್ಟುಕೊಳ್ಳಿ, ಈ ಗದ್ದಲದಲ್ಲಿ ಅದನ್ನು ಗುರುತಿಸುವುದು ಹೇಗೆ? ಅಂಥ ನೂರು ಚಿತ್ರಗಳನ್ನು ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಕೂಡಿಸಬೇಕು. ಆಗ ನೀಹಾರಿಕೆಯ ಪಾಲು 10,000ಕ್ಕೆ ಏರುತ್ತದೆ, ಏರಿಳಿತ 1,000ದ ಆಸುಪಾಸಿನಲ್ಲೇ ಉಳಿಯುತ್ತದೆ. ಒರೆಸಿದ ಕಲೆಗೆ ಅಂಚು ಮೂಡುತ್ತದೆ.

ಇನ್ನೊಂದು ದಾರಿ ನೀಹಾರಿಕೆಯ ಸ್ವಭಾವದಲ್ಲೇ ಇದೆ. ನನಗೆ ಹೆಚ್ಚು ಪ್ರಿಯವಾದದ್ದು ಇದೇ. 1864ರಲ್ಲಿ ಖಗೋಳವಿಜ್ಞಾನಿ ವಿಲಿಯಂ ಹಗಿನ್ಸ್ ಬೆಕ್ಕಿನ ಕಣ್ಣು ನೀಹಾರಿಕೆಯತ್ತ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ತಿರುಗಿಸಿದಾಗ, ಕಾಮನಬಿಲ್ಲಿನ ಪಟ್ಟಿಯ ಬದಲು ಬಿಡಿ ಗೆರೆಗಳು ಕಂಡವು. ಅಂದರೆ ಅದರ ಬೆಳಕು ಕೆಲವೇ ಬಣ್ಣಗಳಲ್ಲಿತ್ತು. ಅದರಲ್ಲಿನ ಹಸಿರು ಗೆರೆ ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ಮುಂದೆ ‘ನೆಬ್ಯೂಲಿಯಂ’ ಎಂಬ ಹೊಸ ಧಾತುವನ್ನೇ ಊಹಿಸಿದರು. ಅದು ಎರಡು ಎಲೆಕ್ಟ್ರಾನು ಕಳೆದುಕೊಂಡ ಆಮ್ಲಜನಕದ ಗೆರೆ ಎಂದು ಭೌತವಿಜ್ಞಾನಿ ಐರಾ ಬೋವೆನ್ ತೋರಿಸಿಕೊಟ್ಟದ್ದು 1927ರಲ್ಲಿ. ಆ 500.7 ನ್ಯಾನೋಮೀಟರ್ ತರಂಗಾಂತರದ ಹಸಿರು, ಜಲಜನಕದ 656.3 ನ್ಯಾನೋಮೀಟರಿನ ಕೆಂಪು, ಈ ಎರಡರ ಸುತ್ತ ಏಳೆಂಟು ನ್ಯಾನೋಮೀಟರಿನಷ್ಟೇ ಜಾಗ ಬಿಡುವ ಫಿಲ್ಟರುಗಳು ಇಂದು ಸಿಗುತ್ತವೆ. ಎಲ್‌ಇಡಿ ದೀಪದ ಬಿಳಿ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿರುವುದರಿಂದ ಅದರ ಸಣ್ಣದೊಂದು ಪಾಲು ಮಾತ್ರ ಒಳಗೆ ನುಸುಳುತ್ತದೆ. ನೀಹಾರಿಕೆಯ ಗೆರೆ ಬಹುಪಾಲು ಹಾಗೆಯೇ ದಾಟಿ ಬರುತ್ತದೆ.

ಗೆಲಾಕ್ಸಿಗಳಿಗೆ ಈ ಉಪಾಯ ಹೆಚ್ಚೇನೂ ನಡೆಯದು. ಅವು ಕೋಟ್ಯಂತರ ನಕ್ಷತ್ರಗಳ ಗುಂಪು, ಅವುಗಳ ಬೆಳಕೂ ಎಲ್ಲ ಬಣ್ಣಗಳಲ್ಲಿ ಹರಡಿದೆ. ಅಲ್ಲಿ ಗಂಟೆಗಟ್ಟಲೆ ಕೂಡಿಸುವುದೊಂದೇ ದಾರಿ. ಅದೂ ಗೆಲಾಕ್ಸಿ ನೆತ್ತಿಯ ಹತ್ತಿರ ಬಂದಾಗ. ದೀಪದ ಬೆಳಕನ್ನು ಚದುರಿಸುವ ಗಾಳಿಯ ಪದರ ಅಲ್ಲಿ ಎಲ್ಲಕ್ಕಿಂತ ತೆಳು.