ಲೇಡಿ ಬಿಂಗ್ ಟ್ರೋಫಿ: ಗುದ್ದಾಡುವ ಆಟದಲ್ಲಿ ಫೌಲ್ ಮಾಡದೆ ಗೆದ್ದವರು (ಸ್ಪೋರ್ಟ್ಸ್ ಎಥಿಕ್ಸ್ ನೋಟ್ಸ್)

ಸ್ಪೋರ್ಟ್ಸ್ ಎಥಿಕ್ಸ್ ಯೂನಿಟಿಗೆ ಕ್ರಿಕೆಟ್ ಬಿಟ್ಟು ಬೇರೆ ಆಟದ ಉದಾಹರಣೆ ಬೇಕು ಅಂತ ನಮ್ಮ ಬಿಪಿಎಡ್ (ದೈಹಿಕ ಶಿಕ್ಷಣದ ಡಿಗ್ರಿ) ಗ್ರೂಪಲ್ಲಿ ತುಂಬ ಜನ ಕೇಳ್ತಾ ಇದ್ರಿ, ಅದಕ್ಕೆ ಈ ನೋಟ್ಸ್. ನಾನು ತಗೊಂಡದ್ದು ಐಸ್ ಹಾಕಿ. ಮಂಗಳೂರಲ್ಲಿ ಕೂತು ಐಸ್ ಹಾಕಿಯಾ ಅಂತ ಕೇಳ್ಬಹುದು, ಇಲ್ಲಿ ಸ್ಕೇಟಿಂಗ್ ಅಂದ್ರೆ ಗಾಲಿ ಇರುವ ಸ್ಕೇಟಿಂಗೇ, ಹಾಕಿ ಹುಚ್ಚು ನೋಡ್ಬೇಕಾದ್ರೆ ಘಟ್ಟ ಹತ್ತಿ ಕೊಡಗಿಗೆ ಹೋಗ್ಬೇಕು, ಅದೂ ಮೈದಾನದ ಹಾಕಿ. ಆದ್ರೆ ಕ್ರೀಡಾ ಮನೋಭಾವದ ಬಗ್ಗೆ ಓದುವವರಿಗೆ ಇದಕ್ಕಿಂತ ಒಳ್ಳೆ ಆಟ ನನಗಂತೂ ಸಿಕ್ಕಿಲ್ಲ. ಯಾಕಂದ್ರೆ ಇಲ್ಲಿ ಪಕ್, ಅಂದ್ರೆ ಚೆಂಡಿನ ಬದಲು ಇರುವ ಚಪ್ಪಟೆ ರಬ್ಬರ್ ಬಿಲ್ಲೆ, ಇಟ್ಟುಕೊಂಡವನನ್ನು ಮೈಯಿಂದ ಗುದ್ದುದು ರೂಲ್ ಪ್ರಕಾರವೇ ಸರಿ, ಅದಕ್ಕೆ ಬಾಡಿ ಚೆಕ್ ಅಂತಾರೆ, ಅಂಥ ಆಟದಲ್ಲೇ ಸಭ್ಯವಾಗಿ ಆಡಿದವನಿಗೆ ಅಂತಲೇ ಒಂದು ಟ್ರೋಫಿಯನ್ನು 1925ರಿಂದ ಕೊಡ್ತಾ ಬಂದಿದ್ದಾರೆ.

ಮೊದಲು ಪೆನಾಲ್ಟಿ ವಿಷಯ ಕ್ಲಿಯರ್ ಮಾಡ್ಕೊಳ್ಳಿ, ಅದು ಗೊತ್ತಿಲ್ಲದಿದ್ರೆ ಮುಂದಿನದ್ದು ಯಾವುದೂ ತಲೆಗೆ ಹೋಗುದಿಲ್ಲ. ಒಂದು ಟೀಮಿಂದ ಐಸ್ ಮೇಲೆ ಆರು ಜನ, ಗೋಲಿ ಅಂದ್ರೆ ಗೋಲ್‌ಕೀಪರ್ ಸೇರಿ. 20 ನಿಮಿಷದ ಮೂರು ಪೀರಿಯಡ್. ಸಣ್ಣ ತಪ್ಪು ಮಾಡಿದ್ರೆ 2 ನಿಮಿಷ ಪೆನಾಲ್ಟಿ ಬಾಕ್ಸಲ್ಲಿ ಕೂತ್ಕೊಳ್ಬೇಕು, ಆ ಹೊತ್ತು ಟೀಮಿಗೆ ಒಬ್ಬ ಕಮ್ಮಿ, ಎದುರಿನವರಿಗೆ ಪವರ್ ಪ್ಲೇ. ಆ 2 ನಿಮಿಷದೊಳಗೆ ಅವರು ಗೋಲ್ ಹೊಡೆದ್ರೆ ಕೂತವನು ವಾಪಸ್ ಬರ್ಬಹುದು. ದೊಡ್ಡ ತಪ್ಪಾದ್ರೆ 5 ನಿಮಿಷ, ಆಗ ಎಷ್ಟು ಗೋಲ್ ಬಿದ್ರೂ ಪೂರ್ತಿ ಕೂರಲೇಬೇಕು. ರೆಫರಿ ಹತ್ರ ಜಗಳ ಮಾಡಿದ್ರೆ, ಬಾಯಿ ಜಾಸ್ತಿ ಆದ್ರೆ, 10 ನಿಮಿಷದ ಮಿಸ್‌ಕಂಡಕ್ಟ್ ಬೀಳ್ತದೆ, ಅದರಲ್ಲಿ ಬದಲಿ ಪ್ಲೇಯರ್ ಇಳಿಸ್ಬಹುದು. ನಮ್ಮ ಮೈದಾನದ ಹಾಕಿಯಲ್ಲಿ ಹಸಿರು ಕಾರ್ಡಿಗೆ 2 ನಿಮಿಷ, ಹಳದಿಗೆ ಕಮ್ಮಿ ಅಂದ್ರೂ 5 ನಿಮಿಷ ಹೊರಗೆ ಕೂರ್ಲಿಕ್ಕೆ ಉಂಟಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ. ಅಮೆರಿಕ, ಕೆನಡಾದ ಪ್ರೊಫೆಷನಲ್ ಲೀಗ್ ಎನ್‌ಎಚ್‌ಎಲ್‌ನಲ್ಲಿ ಕೈ ಕೈ ಹೊಡೆದಾಟಕ್ಕೂ 5 ನಿಮಿಷವೇ, ಅದು ಮುಗಿಸಿ ಬಂದು ಪುನಃ ಆಡ್ಬಹುದು. ಒಲಿಂಪಿಕ್ಸ್ ಥರದ ಇಂಟರ್‌ನ್ಯಾಷನಲ್ ಟೂರ್ನಮೆಂಟಲ್ಲಿ ಹಾಗಿಲ್ಲ, ಹೊಡೆದಾಡಿದ್ರೆ ಮ್ಯಾಚಿಂದಲೇ ಹೊರಗೆ.

ಇನ್ನು ಟ್ರೋಫಿ. ಆಗ ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಬಿಂಗ್ ಅವರ ಹೆಂಡತಿ ಎವಲಿನ್, ಅಂದ್ರೆ ಲೇಡಿ ಬಿಂಗ್, ಹಾಕಿ ಅಂದ್ರೆ ಪ್ರಾಣ ಬಿಡ್ತಿದ್ದ ಹೆಂಗಸು. 1925ರಲ್ಲಿ ಅವರು ಎನ್‌ಎಚ್‌ಎಲ್‌ಗೆ ಈ ಟ್ರೋಫಿ ಕೊಟ್ರು. ಮೊದಲು ಗೆದ್ದವನು ಒಟ್ಟಾವಾ ಸೆನೆಟರ್ಸಿನ ಫ್ರಾಂಕ್ ನೈಬರ್. ಆಮೇಲೆ ನ್ಯೂಯಾರ್ಕ್ ರೇಂಜರ್ಸಿನ ಫ್ರಾಂಕ್ ಬೂಷೆ, ಮೊದಲು ಕೆನಡಾದಲ್ಲಿ ಪೊಲೀಸ್ ಆಗಿದ್ದವನು, ಎಂಟು ಸೀಸನಲ್ಲಿ ಏಳು ಸಲ ಗೆದ್ದ. ಕೊನೆಗೆ ಆ ಟ್ರೋಫಿಯನ್ನೇ ಅವನಿಗೆ ಮನೆಗೆ ತಗೊಂಡು ಹೋಗ್ಲಿಕ್ಕೆ ಕೊಟ್ಟು, ಲೇಡಿ ಬಿಂಗ್ 1936ರಲ್ಲಿ ಇನ್ನೊಂದು ಮಾಡಿಸಿದ್ರು. ಈಗ ವೋಟ್ ಹಾಕುದು ಹಾಕಿ ಆಟದ ಬಗ್ಗೆ ಬರಿಯುವ ಪತ್ರಕರ್ತರ ಸಂಘ.

ಇಲ್ಲಿ ಅಂಡರ್‌ಲೈನ್ ಮಾಡ್ಕೊಳ್ಬೇಕಾದ ಪಾಯಿಂಟ್ ಒಂದುಂಟು. ಈ ಟ್ರೋಫಿಯ ಷರತ್ತಲ್ಲಿ ಎರಡು ಭಾಗ. ಒಂದು ಕ್ರೀಡಾ ಮನೋಭಾವ ಮತ್ತು ಸಭ್ಯ ನಡತೆ, ಇನ್ನೊಂದು ಉನ್ನತ ಮಟ್ಟದ ಆಟ. ಎರಡೂ ಒಟ್ಟಿಗೆ ಬೇಕು. ಬೆಂಚಲ್ಲಿ ಸುಮ್ಮನೆ ಕೂತವನಿಗೂ ಪೆನಾಲ್ಟಿ ಸೊನ್ನೆಯೇ, ಅವನಿಗೆ ಇದು ಸಿಗುದಿಲ್ಲ. ತುಂಬ ಜನ, ಹಾಕಿ ಫ್ಯಾನ್ಸ್ ಕೂಡ, ಇದನ್ನು ಮೆತ್ತಗಿನವರ ಟ್ರೋಫಿ ಅಂತ ತಿಳ್ಕೊಂಡಿದ್ದಾರೆ. ಅದು ಶುದ್ಧ ತಪ್ಪು ಅಂತ ಗೆದ್ದವರ ಆಟವನ್ನು ನೋಡಿದ್ರೆ ಗೊತ್ತಾಗ್ತದೆ.

ಹೇಗೆ ಅಂದ್ರೆ, ಸಾಮಾನ್ಯ ಪೆನಾಲ್ಟಿಗಳು ಯಾವುದಕ್ಕೆ ಬೀಳುದು ನೋಡಿ. ಸ್ಟಿಕ್ಕಿನ ಕೊಕ್ಕೆಯಿಂದ ಎದುರಾಳಿಯನ್ನು ಎಳೆದ್ರೆ ಹುಕಿಂಗ್, ಕಾಲಿಗೆ ಸ್ಟಿಕ್ ಕೊಟ್ಟು ಬೀಳಿಸಿದ್ರೆ ಟ್ರಿಪ್ಪಿಂಗ್, ಕೈಯಲ್ಲಿ ಹಿಡಿದ್ರೆ ಹೋಲ್ಡಿಂಗ್. ಈ ಮೂರೂ ಹೆಚ್ಚಾಗಿ ಆಗುದು ಯಾವಾಗ? ಎದುರಿನವನು ನಮ್ಮನ್ನು ದಾಟಿ ಹೋಗಿ ಆದ ಮೇಲೆ. ಕಾಲು ಲೇಟಾಯ್ತು, ಜಾಗ ತಪ್ಪಿತು, ಈಗ ಬೇರೆ ದಾರಿ ಇಲ್ಲ ಅಂತ ಸ್ಟಿಕ್ ಚಾಚಿದ, ರೆಫರಿ ಕೈ ಎತ್ತಿದ. ಕಬಡ್ಡಿಯಲ್ಲಿ ಕಾರ್ನರ್ ನಿಂತವನು ಟೈಮಿಂಗ್ ಸರಿ ಇದ್ರೆ ಆ್ಯಂಕಲ್ ಹೋಲ್ಡ್ ಹಾಕ್ತಾನೆ, ಲೇಟಾದ್ರೆ ಜರ್ಸಿ ಹಿಡಿದು ಎಳೀತಾನಲ್ಲ, ಅದೇ ಥರ. ಹಾಗಾಗಿ ಪೆನಾಲ್ಟಿ ಕಮ್ಮಿ ಇದ್ದವನು ಮೆತ್ತಗಿನವ ಅಂತ ಅರ್ಥ ಅಲ್ಲ, ಎರಡು ಸೆಕೆಂಡ್ ಮೊದಲೇ ಸರಿಯಾದ ಜಾಗಕ್ಕೆ ಬಂದು ನಿಂತವ ಅಂತ ಅರ್ಥ. ನನ್ನ ಪ್ರಕಾರ ಇಡೀ ವಿಷಯದ ತಿರುಳೇ ಇದು, ಉಳಿದದ್ದೆಲ್ಲ ಇದಕ್ಕೆ ಸಾಕ್ಷಿ.

ದೊಡ್ಡ ಸಾಕ್ಷಿ ಸ್ಟ್ಯಾನ್ ಮಿಕೀಟಾ. ಹುಟ್ಟಿದ್ದು ಆಗಿನ ಚೆಕೊಸ್ಲೊವಾಕಿಯಾದ ಒಂದು ಹಳ್ಳಿಯಲ್ಲಿ, ಎಂಟು ವರ್ಷದಲ್ಲಿ ಕೆನಡಾದ ಸೇಂಟ್ ಕ್ಯಾಥರೀನ್ಸಿಗೆ ಚಿಕ್ಕಪ್ಪ ಚಿಕ್ಕಮ್ಮನ ಮನೆಗೆ ಬಂದ ಹುಡುಗ, ಇಂಗ್ಲಿಷ್ ಬರ್ತಾ ಇರ್ಲಿಲ್ಲ, ಪರದೇಶಿ ಅಂತ ಹಂಗಿಸಿದವರಿಗೆ ಕೈಯಿಂದಲೇ ಉತ್ತರ ಕೊಟ್ಟು ಬೆಳೆದ. ಶಿಕಾಗೊ ಬ್ಲ್ಯಾಕ್ ಹಾಕ್ಸಿಗೆ ಬಂದ ಮೇಲೂ ಹಾಗೇ. 1964-65 ಸೀಸನಲ್ಲಿ ಲೀಗಿನಲ್ಲೇ ಎಲ್ಲರಿಗಿಂತ ಜಾಸ್ತಿ 87 ಪಾಯಿಂಟ್, ಇಲ್ಲಿ ಪಾಯಿಂಟ್ ಅಂದ್ರೆ ಗೋಲ್ ಮತ್ತು ಅಸಿಸ್ಟ್ (ಬೇರೆಯವರ ಗೋಲಿಗೆ ಕೊಟ್ಟ ಪಾಸ್) ಸೇರಿಸಿದ್ದು, ಅದರ ಜೊತೆಗೆ 154 ಪೆನಾಲ್ಟಿ ನಿಮಿಷ. ಅಷ್ಟು ಒಳ್ಳೆ ಪ್ಲೇಯರ್ ಎರಡೂವರೆ ಗಂಟೆಗಿಂತ ಜಾಸ್ತಿ ಬಾಕ್ಸಲ್ಲಿ ಕೂತದ್ದು! ಟಿವಿಯಲ್ಲಿ ಮ್ಯಾಚ್ ನೋಡ್ತಿದ್ದ ಅವನ ಪುಟ್ಟ ಮಗಳು, ಬೇರೆಯವರೆಲ್ಲ ಸ್ಕೇಟ್ ಮಾಡ್ತಿದ್ದಾರೆ, ಅಪ್ಪ ಮಾತ್ರ ಯಾಕೆ ಕೂತಿದ್ದಾರೆ ಅಂತ ಅಮ್ಮನ ಹತ್ರ ಕೇಳಿದ್ಳಂತೆ, ಅದು ಅವನಿಗೆ ನಾಟಿತು ಅಂತ ಅವನೇ ಎಷ್ಟೋ ಸಲ ಹೇಳಿದ್ದಾನೆ. ಆದ್ರೆ ಕಲಿಯುವವರು ಆ ಕತೆಯಲ್ಲೇ ನಿಲ್ಲಬಾರ್ದು, ಆಮೇಲೆ ಅವನು ಮಾಡಿದ್ದು ನೋಡ್ಬೇಕು. ಯಾವ ಪೆನಾಲ್ಟಿ ಅನಗತ್ಯ ಅಂತ ತನ್ನ ಆಟವನ್ನೇ ತೂಗಿ ನೋಡಿದ. ಕಾಲು ಓಡಿಸದೆ ಸ್ಟಿಕ್ ಚಾಚಿದ್ದು, ಕೈಯಲ್ಲಿ ಹಿಡಿದದ್ದು, ರೆಫರಿ ಹತ್ರ ಬಾಯಿ ಮಾಡಿ 10 ನಿಮಿಷ ತಗೊಂಡದ್ದು, ಇವುಗಳನ್ನು ಬಿಟ್ಟ. 1966-67ರಲ್ಲಿ 97 ಪಾಯಿಂಟ್, ಪೆನಾಲ್ಟಿ ಬರೇ 12 ನಿಮಿಷ. ಆ ವರ್ಷ ಅತಿ ಹೆಚ್ಚು ಪಾಯಿಂಟಿನ ಆರ್ಟ್ ರಾಸ್, ಅತಿ ಬೆಲೆಯುಳ್ಳ ಆಟಗಾರನ ಹಾರ್ಟ್, ಮತ್ತೆ ಲೇಡಿ ಬಿಂಗ್, ಮೂರೂ ಅವನಿಗೆ. ಮರುವರ್ಷ 14 ನಿಮಿಷ, ಪುನಃ ಮೂರೂ. ಒಂದೇ ಸೀಸನಲ್ಲಿ ಈ ಮೂರನ್ನೂ ಗೆದ್ದವರು ಬೇರೆ ಯಾರೂ ಇಲ್ಲ. ಗಮನಿಸಿ, ಸಭ್ಯ ಆದ ಮೇಲೆ ಅವನ ಆಟ ಕುಗ್ಗಲಿಲ್ಲ, ಏರಿತು, ಯಾಕಂದ್ರೆ ಬಾಕ್ಸಲ್ಲಿ ಕೂರುವ ಹೊತ್ತು ಈಗ ಐಸ್ ಮೇಲೆ ಸಿಕ್ಕಿತು.

ಎರಡನೇ ಸಾಕ್ಷಿ ಡೆಟ್ರಾಯ್ಟ್ ರೆಡ್ ವಿಂಗ್ಸಿನ ಪಾವೆಲ್ ದಾತ್ಸ್ಯುಕ್. ರಷ್ಯಾದವನು, 2006ರಿಂದ 2009ರವರೆಗೆ ಸತತ ನಾಲ್ಕು ಸಲ ಲೇಡಿ ಬಿಂಗ್. ಅದರಲ್ಲಿ 2008 ಮತ್ತು 2009ರಲ್ಲಿ ಸೆಲ್ಕಿ ಟ್ರೋಫಿಯೂ ಅವನದ್ದೇ, ಅದು ಡಿಫೆನ್ಸ್ ಚೆನ್ನಾಗಿ ಮಾಡುವ ಫಾರ್ವರ್ಡಿಗೆ ಕೊಡುದು. ಅಂದ್ರೆ ಎದುರಾಳಿಯಿಂದ ಪಕ್ ಕಿತ್ತುಕೊಳ್ಳುವ ಕೆಲಸದಲ್ಲಿ ಲೀಗಿಗೇ ಫಸ್ಟ್, ಅದನ್ನು ಫೌಲ್ ಮಾಡದೆ ಮಾಡುದರಲ್ಲೂ ಫಸ್ಟ್. ಅವನ ಕೈಚಳಕ ಸ್ಟಿಕ್ ಲಿಫ್ಟ್, ಹಿಂದಿನಿಂದ ಬಂದು ಎದುರಿನವನ ಸ್ಟಿಕ್ಕನ್ನು ತನ್ನ ಸ್ಟಿಕ್ಕಿಂದ ಸ್ವಲ್ಪವೇ ಎತ್ತಿ ಪಕ್ ಹಾರಿಸಿಕೊಂಡು ಹೋಗುದು, ಅದು ಪೂರ್ತಿ ಲೀಗಲ್. ರಾನ್ ಫ್ರಾನ್ಸಿಸ್ 1995ರಲ್ಲಿ, ಸ್ಲೊವೇನಿಯಾದ ಆಂಝೆ ಕೊಪಿಟಾರ್ 2016ರಲ್ಲಿ ಇದೇ ಥರ ಎರಡನ್ನೂ ಒಟ್ಟಿಗೆ ಗೆದ್ದವರು. ಇಷ್ಟು ಹೆಸರು ಬರೆದ್ರೆ ಮೆತ್ತಗಿನವರ ಟ್ರೋಫಿ ಅನ್ನುವ ವಾದ ಅಲ್ಲಿಗೇ ಬಿತ್ತು.

ಆದ್ರೆ ಈ ಅವಾರ್ಡಲ್ಲಿ ಒಂದು ಅನ್ಯಾಯವೂ ಉಂಟು, ಅದನ್ನೂ ಬರೀಬೇಕು. ವೋಟ್ ಹಾಕುವವರು ಪೆನಾಲ್ಟಿ ನಿಮಿಷದ ಕಾಲಂ ನೋಡಿಯೇ ತೀರ್ಮಾನ ಮಾಡ್ತಾರೆ ಅಂತ ಕಾಣ್ತದೆ, ಹಾಗಾಗಿ ಡಿಫೆನ್ಸ್‌ಮನ್‌ಗಳಿಗೆ ಸಿಗುದೇ ಅಪರೂಪ. ತಡೆಯುದೇ ಅವರ ಕೆಲಸ, ಎದುರಾಳಿಯ ಮೈಮೇಲೆಯೇ ಇರ್ಬೇಕು, ಒಂದೋ ಎರಡೋ ಪೆನಾಲ್ಟಿ ಹೆಚ್ಚು ಬೀಳ್ತದೆ. 1949ರಲ್ಲಿ ಗೆದ್ದ ಬಿಲ್ ಕ್ವಾಕೆನ್‌ಬುಷ್ ಮೊದಲ ಡಿಫೆನ್ಸ್‌ಮನ್, 60 ಮ್ಯಾಚಲ್ಲಿ ಒಂದೇ ಒಂದು ನಿಮಿಷವೂ ಇಲ್ಲ, ಸೊನ್ನೆ. ಆ ಬೇಸಿಗೆಯಲ್ಲೇ ಡೆಟ್ರಾಯ್ಟ್ ಅವನನ್ನು ಬೋಸ್ಟನ್‌ಗೆ ಕೊಟ್ಟುಬಿಟ್ಟಿತು. ರೆಡ್ ಕೆಲ್ಲಿ 1954ರಲ್ಲಿ ಅತ್ಯುತ್ತಮ ಡಿಫೆನ್ಸ್‌ಮನ್‌ನ ಹೊಸ ನಾರಿಸ್ ಟ್ರೋಫಿಯನ್ನೂ ಲೇಡಿ ಬಿಂಗನ್ನೂ ಒಟ್ಟಿಗೆ ತಗೊಂಡ, ಮುಂದೆ ಟೊರೊಂಟೊಗೆ ಆಡ್ತಾ ಇರುವಾಗಲೇ ಕೆನಡಾದ ಪಾರ್ಲಿಮೆಂಟ್ ಮೆಂಬರೂ ಆಗಿದ್ದ. ಅವನ ನಂತರ ಇನ್ನೊಬ್ಬ ಡಿಫೆನ್ಸ್‌ಮನ್ ಗೆದ್ದದ್ದು 2012ರಲ್ಲಿ, ಬ್ರಯನ್ ಕ್ಯಾಂಪ್‌ಬೆಲ್. 58 ವರ್ಷ! ಈ ಮಧ್ಯೆ ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರಮ್ ಬಂದು 20 ಸೀಸನ್ ಡೆಟ್ರಾಯ್ಟಿಗೆ ಆಡಿ ಏಳು ನಾರಿಸ್ ಗೆದ್ದು ಹೋದ, ಜಾಗ ನೋಡಿ ನಿಲ್ಲುವ ಆಟಕ್ಕೆ ಅವನೇ ಪಾಠಪುಸ್ತಕ, ಲೇಡಿ ಬಿಂಗ್ ಮಾತ್ರ ಒಂದೂ ಇಲ್ಲ. ನನಗೆ ಇದು ಸರಿ ಅಂತ ಕಾಣುದಿಲ್ಲ. ಈಗ ಕೆರೊಲೈನಾದ ಜೇಕಬ್ ಸ್ಲಾವಿನ್ 2021ರಲ್ಲೂ 2024ರಲ್ಲೂ ಗೆದ್ದಿದ್ದಾನೆ, 2021ರ ಸೀಸನಲ್ಲಿ 52 ಮ್ಯಾಚಿಗೆ ಒಟ್ಟು 2 ನಿಮಿಷ. ಗೋಲಿಗಳಿಗೆ ಇದುವರೆಗೆ ಒಮ್ಮೆಯೂ ಸಿಕ್ಕಿಲ್ಲ.

ಟ್ರೋಫಿ ಕಾಲಂಗೆ ಬಾರದ ನಡತೆಯೂ ಉಂಟು. ಪ್ಲೇಆಫ್, ಅಂದ್ರೆ ರೆಗ್ಯುಲರ್ ಸೀಸನ್ ಆದ ಮೇಲಿನ ನಾಕೌಟ್ ಸುತ್ತಿನ ಸರಣಿ, ಮುಗಿದ ಕೂಡ್ಲೆ ಎರಡೂ ಟೀಮ್ ಸಾಲಾಗಿ ನಿಂತು ಪ್ರತಿಯೊಬ್ಬರ ಕೈ ಕುಲುಕುವ ಪದ್ಧತಿ ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಇಷ್ಟ ಆದದ್ದು ಡಿಫೆನ್ಸ್‌ಮನ್ ರೇ ಬೋರ್ಕ್ ಮಾಡಿದ್ದು. ಬೋಸ್ಟನ್ನಿನಲ್ಲಿ ಅವನ ನಂಬರ್ 7, ಅದೇ ನಂಬರಲ್ಲಿ ಮೊದಲು ಆಡಿದವನು ಫಿಲ್ ಎಸ್ಪೊಸಿಟೊ. 1987 ಡಿಸೆಂಬರಲ್ಲಿ ಎಸ್ಪೊಸಿಟೊಗೆ ಸನ್ಮಾನ ಇಟ್ಟ ರಾತ್ರಿ ಬೋರ್ಕ್ 7ರ ಜರ್ಸಿ ಹಾಕ್ಕೊಂಡೇ ಬಂದು, ಎಲ್ಲರ ಎದುರು ಅದನ್ನು ತೆಗೆದು ಹಿರಿಯನ ಕೈಗೆ ಕೊಟ್ಟ, ಒಳಗೆ 77ರ ಜರ್ಸಿ. ಆಮೇಲೆ ಕೊನೆವರೆಗೂ 77ರಲ್ಲೇ ಆಡಿದ. ಅವನಿಗೆ ಸ್ಟ್ಯಾನ್ಲಿ ಕಪ್, ಅಂದ್ರೆ ಎನ್‌ಎಚ್‌ಎಲ್ ಚಾಂಪಿಯನ್ ಟೀಮಿನ ಕಪ್, ಸಿಗ್ಲಿಕ್ಕೆ 22 ಸೀಸನ್ ಬೇಕಾಯ್ತು, 2001ರಲ್ಲಿ ಕೊಲೊರಾಡೊ ಜೊತೆ. ಕಪ್ ಮೊದಲು ಎತ್ತುದು ಕ್ಯಾಪ್ಟನ್, ಅದು ಸಂಪ್ರದಾಯ, ಆದ್ರೆ ಕ್ಯಾಪ್ಟನ್ ಜೋ ಸಾಕಿಕ್ ತಾನು ಎತ್ತದೆ ಸೀದಾ ಬೋರ್ಕ್ ಕೈಗೆ ಕೊಟ್ಟ. ಹಾಗೇ 2025 ಏಪ್ರಿಲ್ 6ಕ್ಕೆ ಅಲೆಕ್ಸಾಂಡರ್ ಒವೆಚ್ಕಿನ್ 895ನೇ ಗೋಲ್ ಹೊಡೆದು ವೇಯ್ನ್ ಗ್ರೆಟ್ಸ್ಕಿಯ 894ರ ದಾಖಲೆ ಮುರಿದಾಗ ಗ್ರೆಟ್ಸ್ಕಿ ಅಲ್ಲೇ ಇದ್ದು, ಐಸ್ ಮೇಲೆ ಇಳಿದು ಅಭಿನಂದನೆ ಹೇಳಿದ.

ಭಾರತದ್ದು ಬೇಕಾದ್ರೆ ಲಡಾಖ್. ಲೇಹ್‌ನಲ್ಲಿ ಚಳಿಗಾಲಕ್ಕೆ ಕೆರೆ ಗಟ್ಟಿಯಾದ ಮೇಲೆ ಆಡಿ ಬೆಳೆದವರೇ ನಮ್ಮ ಟೀಮಲ್ಲಿ ಜಾಸ್ತಿ, 2025ರಲ್ಲಿ ನಮ್ಮ ಮಹಿಳಾ ಟೀಮ್ ಯುಎಇಯ ಅಲ್ ಐನ್‌ನಲ್ಲಿ ಏಷ್ಯಾ ಕಪ್ಪಿನ ಕಂಚು ಗೆದ್ದಿತು.

ಕೊನೆಗೆ ಡಿಸ್ಕಷನ್ನಿಗೆ ಒಂದು ಕೇಸ್, ಇದರ ಮೇಲೆ ಎಲ್ಲರೂ ಅಭಿಪ್ರಾಯ ಬರ್ಕೊಂಡು ಬನ್ನಿ. ಗ್ರೆಟ್ಸ್ಕಿ ಐದು ಸಲ ಲೇಡಿ ಬಿಂಗ್ ಗೆದ್ದವನು. 1993 ಮೇ 27, ಲಾಸ್ ಏಂಜಲೀಸ್ ಮತ್ತು ಟೊರೊಂಟೊ ಸೆಮಿಫೈನಲ್ ಸರಣಿಯ ಆರನೇ ಮ್ಯಾಚ್, 4-4 ಆಗಿ ಓವರ್‌ಟೈಮ್. ಗ್ರೆಟ್ಸ್ಕಿಯ ಸ್ಟಿಕ್ ಮೇಲೆ ಹೋಗಿ ಡಗ್ ಗಿಲ್ಮರ್‌ನ ಗಲ್ಲಕ್ಕೆ ಬಡಿದು ರಕ್ತ ಬಂತು. ರೆಫರಿ ಕೆರಿ ಫ್ರೇಸರ್ ನೋಡಿರ್ಲಿಲ್ಲ, ಲೈನ್ಸ್‌ಮನ್‌ಗಳ ಹತ್ರ ಕೇಳಿದ್ರೂ ಯಾರೂ ನೋಡಿದ್ದೇವೆ ಅನ್ಲಿಲ್ಲ, ಪೆನಾಲ್ಟಿ ಇಲ್ಲ. ಸ್ವಲ್ಪ ಹೊತ್ತಲ್ಲೇ ಗೆಲುವಿನ ಗೋಲ್ ಹೊಡೆದದ್ದು ಗ್ರೆಟ್ಸ್ಕಿಯೇ. ಏಳನೇ ಮ್ಯಾಚಲ್ಲಿ ಮೂರು ಗೋಲ್ ಹೊಡೆದು ಟೀಮನ್ನು ಫೈನಲಿಗೆ ಒಯ್ದ.

ಇದರ ಪಕ್ಕ 1980ರ ಬಾಂಬೆ ಜುಬಿಲಿ ಟೆಸ್ಟ್ ಇಡಿ. ಇಂಗ್ಲೆಂಡಿನ ಬಾಬ್ ಟೇಲರನ್ನು ಅಂಪೈರ್ ಔಟ್ ಕೊಟ್ಟ ಮೇಲೂ ನಮ್ಮ ಜಿ.ಆರ್. ವಿಶ್ವನಾಥ್ ಕ್ಯಾಪ್ಟನ್ ಆಗಿ ಅಪೀಲ್ ವಾಪಸ್ ತಗೊಂಡು ಅವನನ್ನು ಕರೆದ್ರು. ಆ ಟೇಲರ್ ಮತ್ತು ಬಾಥಮ್ 171 ರನ್ ಸೇರಿಸಿದ್ರು, ಭಾರತ 10 ವಿಕೆಟಿಂದ ಸೋತಿತು. ಗ್ರೆಟ್ಸ್ಕಿ ಪರ ಹೇಳ್ಲಿಕ್ಕೆ ವಾದ ಇಲ್ಲದೆ ಇಲ್ಲ, ಹಾಕಿಯಲ್ಲಿ ತನ್ನ ಪೆನಾಲ್ಟಿ ತಾನೇ ಒಪ್ಪಿಕೊಳ್ಳುವ ರೂಢಿ ಇಲ್ಲ, ಅಷ್ಟು ಸ್ಪೀಡಲ್ಲಿ ಎಲ್ಲಿ ತಾಗಿತು ಅಂತ ಹೊಡೆದವನಿಗೂ ಪಕ್ಕಾ ಗೊತ್ತಿರ್ಲಿಕ್ಕಿಲ್ಲ. ಆದ್ರೂ ಎದುರಿಗೆ ಒಬ್ಬನ ಗಲ್ಲದಲ್ಲಿ ರಕ್ತ ಇಳೀತಾ ಇರುವಾಗ, ರೆಫರಿ ಎಲ್ಲರನ್ನೂ ಕೇಳ್ತಾ ಇರುವಾಗ, ಅವನೇ ಹೋಗಿ ನನ್ನ ಸ್ಟಿಕ್ ಅಂತ ಹೇಳ್ಬೇಕಿತ್ತು ಅಂತ ನಾನು ಬರೀತೇನೆ. ಗ್ರೆಟ್ಸ್ಕಿಯನ್ನು ಎಷ್ಟು ಇಷ್ಟಪಟ್ರೂ ಅದನ್ನು ಬಿಟ್ಟುಕೊಡ್ಲಿಕ್ಕೆ ಆಗುದಿಲ್ಲ. ಇನ್ನೊಂದು ವಿಷಯ ಸೇರಿಸ್ಕೊಳ್ಳಿ, ಲೇಡಿ ಬಿಂಗ್ ವೋಟ್ ರೆಗ್ಯುಲರ್ ಸೀಸನಿಗೆ ಮಾತ್ರ, ಪ್ಲೇಆಫಲ್ಲಿ ಏನು ಮಾಡಿದ್ರೂ ಲೆಕ್ಕಕ್ಕಿಲ್ಲ. ಮುಂದಿನ ವರ್ಷ, 1994ರಲ್ಲಿ, ಪತ್ರಕರ್ತರು ಆ ಟ್ರೋಫಿಯನ್ನು ಪುನಃ ಗ್ರೆಟ್ಸ್ಕಿಗೇ ಕೊಟ್ರು. ಪ್ಲೇಆಫನ್ನೂ ಸೇರಿಸಿ ವೋಟ್ ಹಾಕ್ಬೇಕಾ ಬೇಡ್ವಾ, ಇದಕ್ಕೆ ಕಾರಣ ಸಮೇತ ಒಂದು ಪುಟ ಬರ್ದು ಗ್ರೂಪಲ್ಲಿ ಹಾಕಿ.