ಮಟನ್ ತಂದ ರಾತ್ರಿ: ನೀರಿನ ಲೆಕ್ಕ, ಸೀಟಿಯ ಲೆಕ್ಕ

ಕಲಬುರಗಿಯ ಮನೆಗಳಲ್ಲಿ ತಹರಿ, ಅಂದರೆ ಮಾಂಸದ ಜತೆ ಒಂದೇ ಪಾತ್ರೆಯಲ್ಲಿ ಬೇಯಿಸಿದ ಅನ್ನ, ಕೆಟ್ಟರೆ ಬೈಗುಳ ಮೊದಲು ಬೀಳುವುದು ಮಸಾಲೆಗೆ. ಲವಂಗ ಜಾಸ್ತಿ ಆಯಿತು, ಪುದೀನಾ ಸಾಲಲಿಲ್ಲ, ಅಕ್ಕಿ ಹೊಸದಿತ್ತು. ಆದರೆ ಮುದ್ದೆಯಾದ ತಹರಿ, ನಾರುನಾರಾದ ಕೋಳಿ, ಗಂಟುಗಂಟಾದ ಖೀಮಾ, ಬೇಯದ ದಾಲ್ಚಾ (ಎಲುಬು ಹಾಕಿದ ಬೇಳೆಸಾರು) ಈ ನಾಲ್ಕರಲ್ಲೂ ಸಾಮಾನ್ಯವಾಗಿ ತಪ್ಪಿರುವುದು ನೀರು ಮತ್ತು ಉರಿ. ಮಸಾಲೆ ಕೈಅಂದಾಜಿಗೆ ಬಿಟ್ಟರೂ ನಡೆಯುತ್ತದೆ, ನೀರನ್ನು ಅಳೆಯಲೇಬೇಕು.

ತಹರಿಯಿಂದಲೇ ಶುರು ಮಾಡೋಣ. ಕೆಲಸ ಮುಗಿಸಿ ಬಂದ ಮೇಲೆ ಒಂದೂವರೆ ತಾಸಿನೊಳಗೆ ಒಂದೇ ಕುಕ್ಕರ್‌ನಲ್ಲಿ ಐದಾರು ಮಂದಿಯ ಊಟ ಆಗಬೇಕೆಂದರೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬಿರ್ಯಾನಿಗೆ ಅಕ್ಕಿಯನ್ನು ಬೇರೆ ಕುದಿಸಿ ಬಸಿಯುವುದರಿಂದ ನೀರು ಹೆಚ್ಚಾದರೂ ಚೆಲ್ಲಿಹೋಗುತ್ತದೆ. ತಹರಿಯಲ್ಲಿ ಬಸಿಯುವ ಮಾತೇ ಇಲ್ಲ. ಒಳಗೆ ಹೋದ ನೀರನ್ನೆಲ್ಲ ಅಕ್ಕಿಯೇ ಕುಡಿಯಬೇಕು.

ಅಂಗಡಿಯಲ್ಲಿ ಸುಮ್ಮನೆ ‘ಅರ್ಧ ಕಿಲೋ ಮಟನ್’ ಎನ್ನಬೇಡಿ. ದಸ್ತಿ, ಸೀನಾ, ಗರ್ದನ್ ಮಿಲಾಯಿಸಿ ಕೊಡಲು ಹೇಳಿ. ಮುಂಗಾಲು, ಎದೆ, ಕತ್ತಿನ ಈ ಭಾಗಗಳಲ್ಲಿ ಎಲುಬು, ಕೊಬ್ಬು, ನರ ಎಲ್ಲ ಇರುತ್ತವೆ. ನಿಧಾನಕ್ಕೆ ಬೆಂದಾಗ ಆ ನರದ ಅಂಶ ಕರಗಿ ನೀರಿಗೆ ಅಂಟು ಕೊಡುತ್ತದೆ, ಅಕ್ಕಿಗೆ ರುಚಿ ಹತ್ತುವುದು ಅದರಿಂದಲೇ. ರಾನ್ (ತೊಡೆಯ ಮಾಂಸ) ಹಾಕಿದರೆ ದುಡ್ಡೂ ಹೆಚ್ಚು, ತಹರಿಯೂ ಸಪ್ಪೆ. ರಾನ್ ಏನಿದ್ದರೂ ಖೀಮಾಕ್ಕೆ ಸರಿ.

ಅರ್ಧ ಕಿಲೋ ಮಟನ್‌ಗೆ ಮೂರು ಲೋಟ ಅಕ್ಕಿ, ಅಂದರೆ ಸುಮಾರು 600 ಗ್ರಾಂ. ಸೋನಾ ಮಸೂರಿ ಹಳೆಯದಿದ್ದರೆ ಸಾಕು, ಬಾಸ್ಮತಿಯೇ ಬೇಕೆಂದಿಲ್ಲ. ತೊಳೆದು ಅರ್ಧ ತಾಸು ನೆನೆಸಿ, ಪೂರ್ತಿ ಬಸಿದಿಡಿ. ಕುಕ್ಕರ್‌ನಲ್ಲಿ ಐದು ದೊಡ್ಡ ಚಮಚ ಎಣ್ಣೆ ಕಾಯಿಸಿ ಒಂದಿಂಚಿನ ಎರಡು ಚೂರು ದಾಲ್ಚಿನ್ನಿ, ಐದು ಲವಂಗ, ನಾಲ್ಕು ಯಾಲಕ್ಕಿ, ಅರ್ಧ ಸಣ್ಣ ಚಮಚ ಶಾಜೀರಾ ಹಾಕಿ. ಉದ್ದುದ್ದ ಹೆಚ್ಚಿದ ಮೂರು ಉಳ್ಳಾಗಡ್ಡಿ ಕಂದು ಬಣ್ಣಕ್ಕೆ ಬರಬೇಕು, ಹನ್ನೆರಡು ನಿಮಿಷವಾದರೂ ಹಿಡಿಯುತ್ತದೆ. ಇಲ್ಲಿ ಅವಸರ ಮಾಡಿದರೆ ಮುಂದೆ ಎಷ್ಟು ಖಾರ ಸುರಿದರೂ ರುಚಿ ಬರದು. ಆಮೇಲೆ ಎರಡು ದೊಡ್ಡ ಚಮಚ ಶುಂಠಿ-ಬಳ್ಳೊಳ್ಳಿ ಪೇಸ್ಟ್, ಸೀಳಿದ ಎಂಟು ಹಸಿಮೆಣಸಿನಕಾಯಿ, ಅರ್ಧ ಚಮಚ ಅರಿಶಿನ, ಎರಡು ಟೊಮೆಟೊ. ಎಣ್ಣೆ ಬಿಡುವ ತನಕ ಹುರಿಯಿರಿ. ಎಣ್ಣೆ ಬಿಟ್ಟಿತು ಎಂದರೆ ಮಸಾಲೆಯ ನೀರು ಆರಿತು ಎಂದರ್ಥ. ನೀರಿರುವಷ್ಟು ಹೊತ್ತು ಮಸಾಲೆಯ ಶಾಖ 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಹಸಿ ವಾಸನೆಯೂ ಹೋಗುವುದಿಲ್ಲ.

ಮಟನ್ ಹಾಕಿ ಐದು ನಿಮಿಷ ಹುರಿದು ಉರಿ ತಗ್ಗಿಸಿ, ಕಡೆದ ಅರ್ಧ ಲೋಟ ಮೊಸರನ್ನು ಚಮಚ ಚಮಚವಾಗಿ ಸೇರಿಸಿ. ಕುದಿಯುವ ಮಸಾಲೆಗೆ ಮೊಸರನ್ನು ಒಮ್ಮೆಲೆ ಸುರಿದರೆ ಒಡೆದು ಕಾಳುಕಾಳಾಗುತ್ತದೆ. ಮೊಸರು ತೀರ ಹುಳಿಯಿದ್ದರೆ ಒಂದು ಚಿಟಿಕೆ ಕಡಲೆಹಿಟ್ಟು ಬೆರೆಸಿಕೊಳ್ಳಿ. ಒಂದು ಸಣ್ಣ ಚಮಚ ಉಪ್ಪು, ಎರಡು ಲೋಟ ಬಿಸಿನೀರು ಹಾಕಿ ಮುಚ್ಚಳ ಬಿಗಿಯಿರಿ.

ಸೀಟಿಯ ವಿಷಯಕ್ಕೆ ಬರೋಣ. ‘ಆರು ಸೀಟಿ’ ಎಂಬುದು ಅಳತೆಯೇ ಅಲ್ಲ. ದೊಡ್ಡ ಉರಿಯಲ್ಲಿ ಆರು ಸೀಟಿ ಎಂಟು ನಿಮಿಷಕ್ಕೆ ಮುಗಿದೀತು, ಸಣ್ಣ ಉರಿಯಲ್ಲಿ ಅರ್ಧ ತಾಸಾದೀತು. ರಬ್ಬರ್ ಸಡಿಲಿದ್ದರೆ ಸೀಟಿಯೇ ಬಾರದು. ದೊಡ್ಡ ಉರಿಯಲ್ಲಿ ಮೊದಲ ಸೀಟಿ ಬಂದ ಕೂಡಲೇ ಉರಿ ಸಣ್ಣಗೆ ಮಾಡಿ, ಅಲ್ಲಿಂದ ಗಡಿಯಾರ ನೋಡಿ. ಎಳೆಯ ಮಟನ್‌ಗೆ 12ರಿಂದ 15 ನಿಮಿಷ, ಬಲಿತದ್ದಕ್ಕೆ 20ರಿಂದ 25. ಒಳಗಿನ ಒತ್ತಡ ತಾನಾಗಿ ಇಳಿಯಲಿ. ತುಂಡನ್ನು ಚಮಚದಿಂದ ಒತ್ತಿದರೆ ಹರಿಯಬೇಕು, ಆದರೆ ಮಾಂಸ ಎಲುಬು ಬಿಟ್ಟು ಜಾರಬಾರದು, ಯಾಕೆಂದರೆ ಅಕ್ಕಿಯ ಜತೆ ಇನ್ನೊಮ್ಮೆ ಬೇಯುವುದಿದೆ.

ಮುಚ್ಚಳ ತೆಗೆದ ತಕ್ಷಣ ಅಕ್ಕಿ ಸುರಿದು, ಮೂರು ಲೋಟಕ್ಕೆ ಇಷ್ಟು ಎಂದು ಹೊಸ ನೀರು ಹಾಕುವುದೇ ತಹರಿ ಮುದ್ದೆಯಾಗಲು ದೊಡ್ಡ ಕಾರಣ. ಒಳಗೆ ಆಗಲೇ ನೀರಿದೆ: ನೀವು ಹಾಕಿದ್ದು, ಮಟನ್ ಬಿಟ್ಟದ್ದು, ಟೊಮೆಟೊ ಮತ್ತು ಮೊಸರಿನದ್ದು. ಆ ರಸವನ್ನೆಲ್ಲ ಜರಡಿಯಲ್ಲಿ ಸೋಸಿ, ತುಂಡು-ಮಸಾಲೆಯನ್ನು ಕುಕ್ಕರ್‌ಗೆ ವಾಪಸ್ ಹಾಕಿ, ರಸವನ್ನು ಅಕ್ಕಿ ಅಳೆದ ಲೋಟದಲ್ಲೇ ಅಳೆಯಿರಿ. ನೆನೆಸಿದ ಸೋನಾ ಮಸೂರಿಗೆ ಕುಕ್ಕರ್‌ನಲ್ಲಿ ಲೋಟಕ್ಕೆ ಒಂದೂಮುಕ್ಕಾಲು ಲೋಟ ಸಾಕು. ಮೂರು ಲೋಟಕ್ಕೆ ಐದೂಕಾಲು ಆಯಿತು. ರಸ ಎರಡು ಲೋಟ ಸಿಕ್ಕಿದ್ದರೆ ಮೇಲೆ ಹಾಕಬೇಕಾದ್ದು ಮೂರೂಕಾಲು ಲೋಟ ಬಿಸಿನೀರು ಮಾತ್ರ. ಬಾಸ್ಮತಿಗಾದರೆ ಲೋಟಕ್ಕೆ ಒಂದೂವರೆ. ದಬರಿಯಲ್ಲಿ ತಟ್ಟೆ ಮುಚ್ಚಿ ಮಾಡುವವರು ಸೋನಾ ಮಸೂರಿಗೆ ಎರಡು ಲೋಟ ಹಿಡಿಯಬೇಕು, ಹಬೆ ಹೋಗುತ್ತದಲ್ಲ.

ನೀರು ಕುದಿ ಬಂದ ಮೇಲೆ ಎರಡೂವರೆ ಸಣ್ಣ ಚಮಚ ಉಪ್ಪು ಹಾಕಿ ರುಚಿ ನೋಡಿ. ಆ ನೀರು ನಾಲಿಗೆಗೆ ಸ್ವಲ್ಪ ಉಪ್ಪುಪ್ಪಾಗಿಯೇ ಇರಬೇಕು, ಅಕ್ಕಿ ಎಳೆದುಕೊಂಡ ಮೇಲೆ ಸರಿಹೋಗುತ್ತದೆ. ಅಕ್ಕಿ, ಒಂದೊಂದು ಹಿಡಿ ಪುದೀನಾ-ಕೊತ್ತಂಬರಿ ಹಾಕಿ ಒಮ್ಮೆ ಮಾತ್ರ ಕೈಯಾಡಿಸಿ. ಒಂದು ಸೀಟಿ, ಉರಿ ಬಂದ್, ಹದಿನೈದು ನಿಮಿಷ ಮುಟ್ಟಬೇಡಿ. ಜತೆಗೆ ಮೊಸರು ಚಟ್ನಿ ಇದ್ದರೆ ಬೇರೆ ಸಾರು ಬೇಡ.

ಇನ್ನು ಕೋಳಿ. ಫಾರಂ ಕೋಳಿಯನ್ನು ಕುಕ್ಕರ್‌ಗೆ ಹಾಕುವ ರೂಢಿ ಬಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಅದು ಎಳೆಯ ಹಕ್ಕಿ, ಕರಗಿಸಬೇಕಾದ ಗಟ್ಟಿ ನರ ಅದರಲ್ಲಿ ಕಡಿಮೆ. ಕುಕ್ಕರ್‌ನ ಶಾಖಕ್ಕೆ ಎದೆಯ ತುಂಡು ರಸ ಕಳೆದುಕೊಂಡು ಹತ್ತಿಯಾಗುತ್ತದೆ. ಜವಾರಿ (ನಾಟಿ) ಕೋಳಿಯ ಮಾತು ಬೇರೆ. ಅದಕ್ಕೆ ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಕೇ ಬೇಕು.

ರೊಟ್ಟಿ ಜತೆಗಿನ ಸಾರಿಗೆ ಮುಕ್ಕಾಲು ಕಿಲೋ ಕೋಳಿ, ಎಲುಬು ಸಮೇತ. ನಲ್ಲಿಯ ಕೆಳಗೆ ರಭಸದಿಂದ ತೊಳೆಯಬೇಡಿ, ಸಿಡಿದ ಹನಿಗಳ ಜತೆ ರೋಗಾಣು ಕಟ್ಟೆ, ಪಾತ್ರೆ, ಸೊಪ್ಪಿಗೆಲ್ಲ ಹರಡುತ್ತದೆ. ತೊಳೆಯದೆ ಮನಸ್ಸು ಒಪ್ಪದಿದ್ದರೆ ಬೋಗುಣಿಯಲ್ಲಿ ನೀರು ತುಂಬಿ ಮೆಲ್ಲಗೆ ಅದ್ದಿ ತೆಗೆದು, ಆಮೇಲೆ ಕೈ, ಬೋಗುಣಿ, ಕಟ್ಟೆಯನ್ನು ಸೋಪಿನಿಂದ ತೊಳೆಯಿರಿ. ಮಸಾಲೆಗೆ ಎರಡು ಚಮಚ ಧನಿಯಾ, ಒಂದು ಚೂರು ದಗಡಫೂಲ್ (ಕಲ್ಲುಹೂವು), ಮೂರು ಲವಂಗ ಮೊದಲು ಹುರಿದು, ಕೊನೆಗೆ ಮೂರು ದೊಡ್ಡ ಚಮಚ ತುರಿದ ಒಣಕೊಬ್ಬರಿ, ಒಂದು ಚಮಚ ಗಸಗಸೆ ಹಾಕಿ ಉರಿ ಬಂದ್ ಮಾಡಿ. ಕೊಬ್ಬರಿ, ಗಸಗಸೆ ಬೇಗ ಸೀಯುತ್ತವೆ, ಬಾಣಲೆಯ ಬಿಸಿಯೇ ಸಾಕು. ಉಳ್ಳಾಗಡ್ಡಿಯನ್ನು ಹಸಿಯಾಗಿ ರುಬ್ಬಬೇಡಿ, ಕಹಿ ಬರುತ್ತದೆ. ಸುಟ್ಟು ಅಥವಾ ಹುರಿದೇ ಈ ಮಸಾಲೆಯ ಜತೆ ರುಬ್ಬಿ.

ಕೋಳಿಗೆ ಅರಿಶಿನ, ಉಪ್ಪು, ಶುಂಠಿ-ಬಳ್ಳೊಳ್ಳಿ ಸವರಿ ಇಪ್ಪತ್ತು ನಿಮಿಷ ಇಟ್ಟು, ಕಾದ ಎಣ್ಣೆಯಲ್ಲಿ ದೊಡ್ಡ ಉರಿಯಲ್ಲಿ ಮುಚ್ಚದೆ ಐದು ನಿಮಿಷ ಹುರಿಯಿರಿ. ಅದು ನೀರು ಬಿಡುತ್ತದೆ, ಗಾಬರಿಯಾಗಬೇಡಿ, ಆ ನೀರು ಅರ್ಧ ಇಂಗಿದ ಮೇಲೆ ಮಸಾಲೆ, ಎರಡು ಚಮಚ ಖಾರ ಪುಡಿ, ಎರಡೂವರೆ ಲೋಟ ಬಿಸಿನೀರು. ಮುಚ್ಚಿ ಸಣ್ಣ ಉರಿಯಲ್ಲಿ 15ರಿಂದ 18 ನಿಮಿಷ. ಎದೆಯ ತುಂಡುಗಳನ್ನು ಬೇರೆ ತೆಗೆದಿಟ್ಟು ಆರು ನಿಮಿಷ ತಡವಾಗಿ ಹಾಕಿದರೆ ಇನ್ನೂ ಮೃದು. ಎಲುಬಿನ ಸುತ್ತ ಸ್ವಲ್ಪ ಕೆಂಪು ಕಂಡರೆ ಬೆಂದಿಲ್ಲವೆಂದು ತೀರ್ಮಾನಿಸಬೇಡಿ. ಎಳೆಯ ಕೋಳಿಯಲ್ಲಿ ಎಲುಬಿನ ಮಜ್ಜೆಯ ಬಣ್ಣ ಬೆಂದ ಮೇಲೂ ಹಾಗೇ ಉಳಿಯುವುದುಂಟು. ಖಾತ್ರಿ ಬೇಕಿದ್ದರೆ ಅಡುಗೆಯ ಥರ್ಮಾಮೀಟರ್‌ ಇಟ್ಟುಕೊಳ್ಳಿ, ತೊಡೆಯ ದಪ್ಪ ಭಾಗದಲ್ಲಿ 74 ಡಿಗ್ರಿ ತೋರಿಸಿದರೆ ಆಯಿತು.

ಸಾರು ಎಷ್ಟು ತೆಳ್ಳಗಿರಬೇಕು ಎಂಬುದನ್ನು ರೊಟ್ಟಿಯೇ ಹೇಳುತ್ತದೆ. ಕಟಕ್ ರೊಟ್ಟಿ (ಒಣಗಿಸಿದ ಗರಿಗರಿ ರೊಟ್ಟಿ) ಮುರಿದು ಹಾಕಿಕೊಳ್ಳುವವರಿಗೆ ಸಾರು ನೀರಾಗಿರಲಿ, ಐದು ನಿಮಿಷದಲ್ಲಿ ರೊಟ್ಟಿ ಅದನ್ನೆಲ್ಲ ಹೀರಿಬಿಡುತ್ತದೆ. ಬಿಸಿ ಮೆತ್ತನೆಯ ಜೋಳದ ರೊಟ್ಟಿಗೆ ಅರ್ಧ ಲೋಟ ನೀರು ಕಡಿಮೆ ಮಾಡಿ.

ಖೀಮಾ ಇವೆಲ್ಲಕ್ಕಿಂತ ಬೇಗ, ಅರ್ಧ ತಾಸಿನ ಕೆಲಸ. ಅಗಲ ಬಾಣಲೆ, ದೊಡ್ಡ ಉರಿ, ಮುಚ್ಚಳ ಬೇಡ. ಹಾಕಿದ ಕೂಡಲೇ ಸೌಟಿನಿಂದ ಒಡೆಯುತ್ತಾ ಇರಿ, ಬಿಸಿ ತಾಗಿ ಗಂಟು ಕಟ್ಟಿದ ಮೇಲೆ ಒಡೆಯದು. ಬಿಟ್ಟ ನೀರು ಪೂರ್ತಿ ಆರಿ ಚಟಚಟ ಸದ್ದು ಬಂದ ಮೇಲೆ ಮಸಾಲೆ, ಕಾಲು ಲೋಟ ನೀರು ಹಾಕಿ ಮುಚ್ಚಿ ಹದಿನೈದು ನಿಮಿಷ ಬೇಯಿಸಿ, ಕೊನೆಗೆ ಒಂದು ಕಟ್ಟು ಮೆಂತ್ಯಪಲ್ಯ. ಖೀಮಾ ತಂದ ದಿನವೇ ಮಾಡಿ. ಇಡೀ ತುಂಡಿನಲ್ಲಿ ರೋಗಾಣು ಬಹುಮಟ್ಟಿಗೆ ಮೇಲ್ಮೈಯಲ್ಲಿರುತ್ತದೆ, ಕೊಚ್ಚಿದಾಗ ಒಳಗೆಲ್ಲ ಬೆರೆಯುತ್ತದೆ.

ದಾಲ್ಚಾಕ್ಕೆ ಈ ಸೀಮೆಯ ತೊಗರಿಬೇಳೆಯನ್ನು ಬಿಟ್ಟು ಬೇರೆ ಹುಡುಕಬೇಕಾಗಿಲ್ಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಕಡಲೆಬೇಳೆಯಲ್ಲಿ ಮಾಡುವವರು ಒಂದು ಪಾಲು ಅದನ್ನೂ ಸೇರಿಸಬಹುದು. ಒಂದು ಲೋಟ ಬೇಳೆ, 300 ಗ್ರಾಂ ಎಲುಬಿನ ತುಂಡು, ಕಾಲು ಕಿಲೋ ಸೋರೆಕಾಯಿ, ನಿಂಬೆಗಾತ್ರದ ಹುಣಸೆಹಣ್ಣು. ಎಲುಬನ್ನೂ ಬೇಳೆಯನ್ನೂ ಬೇರೆ ಬೇರೆ ಬೇಯಿಸಿ, ಆಮೇಲೆ ಕೂಡಿಸಿ, ಸೋರೆಕಾಯಿ ಮೆತ್ತಗಾದ ಮೇಲಷ್ಟೇ ಹುಣಸೆ ರಸ. ಹುಳಿ ಮೊದಲೇ ಬಿದ್ದರೆ ಬೇಳೆಯ ಕಾಳನ್ನು ಹಿಡಿದಿಡುವ ಅಂಟು ಕರಗುವುದಿಲ್ಲ, ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಗಡಸು ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಮಾಡುವುದೂ ಇದನ್ನೇ. ಬೇಳೆಗೆ ಮಾತ್ರ ಕುಡಿಯುವ ಆರ್‌ಒ ಫಿಲ್ಟರ್ ನೀರು ಬಳಸಿ ನೋಡಿ, ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ.

ಪುಂಡಿಪಲ್ಯ (ಗೋಂಗುರ ಎನ್ನುವ ಹುಳಿ ಸೊಪ್ಪು) ಹಾಕಿದ ಮಟನ್‌ಗೂ ಕ್ರಮ ಇದೇ: ಸೊಪ್ಪನ್ನು ಬೇರೆ ಬಾಡಿಸಿ ಅರೆದು, ಮಟನ್ ಬೆಂದ ಮೇಲೆ ಕೂಡಿಸಿ ಹತ್ತು ನಿಮಿಷ ಕುದಿಸಿ. ಆ ಹುಳಿ ಅಲ್ಯೂಮಿನಿಯಂ ತಿನ್ನುವುದರಿಂದ ಸ್ಟೀಲ್ ಪಾತ್ರೆಯಲ್ಲೇ ಮಾಡಿ, ಉಳಿದದ್ದನ್ನೂ ಅಲ್ಯೂಮಿನಿಯಂನಲ್ಲಿ ಇಡಬೇಡಿ.

ಉಳಿದದ್ದರ ಬಗ್ಗೆ ನಮ್ಮ ಕಡೆ ಸ್ವಲ್ಪ ಬಿಗಿಯಾಗಿಯೇ ಇರಬೇಕು. ಬೇಯಿಸಿದ ಮಾಂಸವನ್ನು ಹೊರಗಿಡಲು ಎರಡು ತಾಸು ಮಿತಿ ಎನ್ನುತ್ತಾರೆ, ಆದರೆ ಸೆಕೆ 32 ಡಿಗ್ರಿ ದಾಟಿದರೆ ಅದು ಒಂದೇ ತಾಸು. ಏಪ್ರಿಲ್-ಮೇನಲ್ಲಿ ಕಲಬುರಗಿಯ ಅಡುಗೆಮನೆ ರಾತ್ರಿ ಒಂಬತ್ತಕ್ಕೂ ಅದಕ್ಕಿಂತ ಬಿಸಿಯಿರುತ್ತದೆ. ತಹರಿಯಲ್ಲಿ ಮಾಂಸದ ಜತೆ ಅನ್ನವೂ ಇದೆ, ಅನ್ನದ ಕೆಲವು ರೋಗಾಣುಗಳ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ, ಬೆಚ್ಚಗಿಟ್ಟರೆ ಮತ್ತೆ ಬೆಳೆದು ವಿಷ ಬಿಡುತ್ತವೆ, ಆ ವಿಷ ಮರುಬಿಸಿಗೂ ಹೋಗುವುದಿಲ್ಲ. ಊಟ ಮುಗಿದ ಕೂಡಲೇ ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಆರಿಸಿ ಫ್ರಿಜ್‌ಗೆ ಹಾಕಿ, ಕುಕ್ಕರ್ ಸಮೇತ ಒಳಗಿಟ್ಟರೆ ನಡುವಿನ ಅನ್ನ ತಾಸುಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಮರುದಿನ ಎಷ್ಟು ಬೇಕೋ ಅಷ್ಟನ್ನೇ ತೆಗೆದು, ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಕಾದ ತವೆಯ ಮೇಲೆ ಪಾತ್ರೆಯಿಟ್ಟು ನಡುವಿನಿಂದಲೂ ಹಬೆ ಏಳುವವರೆಗೆ ಬಿಸಿ ಮಾಡಿ. ಎರಡನೇ ಸಲ ಉಳಿದದ್ದನ್ನು ಮತ್ತೆ ಫ್ರಿಜ್‌ಗೆ ಇಡಬೇಡಿ.